ಕುತ್ತಿಗೆಗೆ ಕಟ್ಟಿದ ಕೈ

ನನ್ನ ಜಾಗಕ್ಕೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. "ಲೀಲಕ್ಕ, ಇಲ್ಲಿ ನನ್ನ ಕೆಲಸ ಎಂತ ಅಂತಲೇ ಗೊತ್ತಾಗುದಿಲ್ಲ. ಮೆಷಿನ್ ಎಲ್ಲ ಮೇಡಮ್ಮೇ ನೋಡ್ತಾರೆ. ನಾನು ಬರೀ ಟವೆಲ್ ಮಡಚುದು" ಎಂದಳು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ, ಮಹಡಿಯ ಮೇಲಿನ ಫಿಸಿಯೋಥೆರಪಿ ಕೋಣೆಯಲ್ಲಿ, ಇಪ್ಪತ್ತೆರಡು ವರ್ಷ ನಾನೂ ಟವೆಲ್ ಮಡಚಿದವಳೇ. ಅವಳಿಗೆ ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿ ಇದಲ್ಲ ಅನ್ನಿಸಿತು. ಈಗ ಮನೆಯಲ್ಲೇ ಇದ್ದೇನೆ, ಬೆಳಗಿನ ದೀಪ ಹಚ್ಚಿ ತಿಂಡಿ ಆದ ಮೇಲೆ ಪುರುಸೊತ್ತು ಉಂಟು. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ಮಕ್ಕಳಿಬ್ಬರೂ ಹೈಸ್ಕೂಲಿಗೆ ಬಂದ ಮೇಲೆ, ಹಗಲು ಮನೆ ಖಾಲಿಯಾದಾಗ ಈ ಕೆಲಸ ಸಿಕ್ಕಿತು. ದೇವರು ಕೊಟ್ಟ ಮೊದಲ ಉಪಕಾರವೆಂದರೆ ಕ್ಲಿನಿಕ್ ನಡೆದು ಹೋಗುವಷ್ಟು ಹತ್ತಿರ ಇದ್ದದ್ದು. ಅನ್ನ, ಸಾರು ಮುಗಿಸಿ ಒಂಬತ್ತಕ್ಕೆ ಹೊರಟರೆ ನಾಲ್ಕೂವರೆಗೆ ಮನೆ. ನನ್ನದು ಸಹಾಯಕಿಯ ಕೆಲಸ. ಬಂದವರನ್ನು ಮಂಚದ ಮೇಲೆ ಮಲಗಿಸುವುದು, ಬಿಸಿ ಪ್ಯಾಕ್ ಇಡುವುದು, ಶಾಖ ಕೊಡಲು ಮೇಣ ಕರಗಿಸಿಡುವುದು, ಫಿಸಿಯೋಥೆರಪಿಸ್ಟ್ ರಶ್ಮಿ ಮೇಡಂ ಹೇಳಿಕೊಟ್ಟ ವ್ಯಾಯಾಮವನ್ನು ಪಕ್ಕದಲ್ಲಿ ಕುಳಿತು ಮಾಡಿಸುವುದು. ಹಾಕಿಕೊಳ್ಳಲು ಒಂದು ಬಿಳಿ ಕೋಟು ಕೊಟ್ಟಿದ್ದರು. ಆ ಕೋಟಿನ ಕತೆ ಮುಂದೆ ಬರುತ್ತದೆ.

ನಮ್ಮಲ್ಲಿಗೆ ಬರುತ್ತಿದ್ದ ಬೇನೆಗಳನ್ನು ನೋಡಿಯೇ ಆ ಜನ ಎಂತ ಕೆಲಸ ಮಾಡುತ್ತಾರೆಂದು ಹೇಳಬಹುದಿತ್ತು. ರಬ್ಬರ್ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮಾಡುವವರಿಗೆ ಮೊಣಕೈ. ಬೀಡಿ ಕಟ್ಟುವವರಿಗೆ ಹೆಬ್ಬೆರಳಿನ ಬುಡ. ಹೊಲಿಗೆ ಮೆಷಿನ್ ತುಳಿಯುವವರಿಗೆ ಮೊಣಕಾಲು. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಅಂಗಾಲಿನ ಉರಿ. ನಾನು ಸೇರಿದ ಹೊಸತರಲ್ಲಿ ಎಲ್ಲರಿಗೂ ಒಂದೇ ಆಸೆ, ಕರೆಂಟ್ ಇಡಬೇಕು. ಮೈಗೆ ಜುಮು ಜುಮು ಆಗುವ ಆ ಮೆಷಿನ್ ಇಟ್ಟರೆ ಮದ್ದು ಆಯಿತೆಂಬ ಲೆಕ್ಕ. ವರ್ಷ ಹೋದ ಹಾಗೆ ನಮ್ಮ ರಶ್ಮಿ ಮೇಡಂ ಮೆಷಿನ್ ಕಡಿಮೆ ಮಾಡಿ ವ್ಯಾಯಾಮ ಹೆಚ್ಚು ಮಾಡಿದರು. ಆಗ ಜನ ಮೆಟ್ಟಿಲು ಇಳಿಯುವಾಗ ನನಗೆ ಕೇಳುವ ಹಾಗೆಯೇ ಹೇಳುತ್ತಿದ್ದರು, "ಎಂತ ಮಾರಾಯ್ರೆ, ಕರೆಂಟೂ ಇಲ್ಲ, ಬಿಸಿಯೂ ಇಲ್ಲ. ಕೈಕಾಲು ಆಡಿಸ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ?"

ನನ್ನ ಮೊದಲ ದೊಡ್ಡ ತಪ್ಪು ಬಿಸಿಯದ್ದೇ. ಕಡಬದ ಕಡೆಯಿಂದ ತೋಮಸ್ ಚೇಟ ಎಂಬವರು ಬರುತ್ತಿದ್ದರು; ಚೇಟ ಎಂದರೆ ಮಲಯಾಳದಲ್ಲಿ ಅಣ್ಣ. ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಕೆಲಸ, ಸಕ್ಕರೆ ಕಾಯಿಲೆ, ಎರಡೂ ಪಾದ ಉರಿ. ಬಂದದ್ದು ಮೊಣಕಾಲಿನ ಬೇನೆಗೆ. ಒಂದು ದಿನ ಮೊಣಕಾಲಿಗೆ ಬಿಸಿ ಪ್ಯಾಕ್ ಇಟ್ಟು ಮುಗಿದ ಮೇಲೆ, "ಲೀಲಮ್ಮ, ಅದನ್ನೇ ಸ್ವಲ್ಪ ಪಾದಕ್ಕೂ ಇಡಿ" ಎಂದರು. ಇಟ್ಟೆ. "ಬಿಸಿ ಎಲ್ಲುಂಟು? ಬೆಚ್ಚಗೆ ಸಹ ಇಲ್ಲ" ಎಂದರು. ಸುತ್ತಿದ್ದ ಟವೆಲಿನ ಒಂದು ಮಡಿಕೆ ತೆಗೆದೆ. "ಈಗಲೂ ಇಲ್ಲ" ಎಂದರು. ಇನ್ನೊಂದು ಮಡಿಕೆ ತೆಗೆದೆ. ನಮ್ಮ ಊರಿನಲ್ಲಿ ಚರ್ಮ ಕೆಂಪಾಗುವ ತನಕ ಶಾಖ ಕೊಟ್ಟರೇ ಶಾಖ ಕೊಟ್ಟ ಹಾಗೆ. ನಾನೂ ಆ ಲೆಕ್ಕದಲ್ಲೇ ಇದ್ದೆ. ಪ್ಯಾಕ್ ತೆಗೆದಾಗ ಪಾದದ ಮೇಲೆ ನಿಂಬೆಹಣ್ಣಿನಷ್ಟು ಬೊಬ್ಬೆ ಎದ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಉರಿ ಇದ್ದ ಪಾದಕ್ಕೆ ಸ್ಪರ್ಶ ಸತ್ತು ಹೋಗಿತ್ತು.

ಮೇಡಂ ಬಂದು ನೋಡಿ, ಮೊದಲು ಪಾದಕ್ಕೆ ಮಾಡಬೇಕಾದ್ದು ಮಾಡಿ, ಆಮೇಲೆ ಪರದೆಯ ಆಚೆ ಕರೆದು ಬೈದರು. "ಮೊಣಕಾಲಿಗೆ ಅಂತ ಬರ್ದಿದ್ದೇನೆ. ಪಾದ ಎಲ್ಲಿಂದ ಬಂತು? ಅವರು ಕೇಳಿದ್ರು ಅಂತ ನೀವು ಕೊಟ್ರಾ?" ಗಾಯ ವಾಸಿಯಾಗಲು ತಿಂಗಳ ಮೇಲೆ ಹಿಡಿಯಿತು. ನಾನು ಪ್ರತಿ ಸೋಮವಾರ ದೇವಸ್ಥಾನಕ್ಕೆ ಹೋಗಿ ಬಂದೆ. ಕಾಲು ಉಳಿಯಿತು. ತೋಮಸ್ ಚೇಟ ಮಾತ್ರ ಎಷ್ಟೋ ಕಾಲ, "ಲೀಲಮ್ಮ, ಇವತ್ತು ಹುರಿಯುದಾ, ಬೇಯಿಸುದಾ?" ಎಂದು ಕೇಳಿಯೇ ಮಂಚ ಹತ್ತುತ್ತಿದ್ದರು. ಅಂದಿನಿಂದ ಪ್ಯಾಕ್ ಇಡುವ ಮೊದಲು ಹತ್ತಿಯಿಂದ ಮುಟ್ಟಿ ಗೊತ್ತಾಗುತ್ತದಾ ಎಂದು ನೋಡುವುದು, ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡುವುದು, ಪ್ರತಿಯೊಬ್ಬರನ್ನೂ "ಬೇನೆ ಆಯ್ತಾ?" ಎಂದು ಕೇಳುವುದು ನನಗೆ ಅಭ್ಯಾಸವಾಯಿತು.

ಅದರಿಂದ ಬುದ್ಧಿ ಬಂತು ಎಂದುಕೊಂಡಿದ್ದೆ. ಪೂರ್ತಿ ಬಂದಿರಲಿಲ್ಲ.

ಸಫಿಯಾ ಜಾಲ್ಸೂರಿನವಳು. ಆಗ ನಲವತ್ತರ ಹತ್ತಿರ ಪ್ರಾಯ. ಅವಳೂ ಅವಳ ನಾದಿನಿ ನೆಬೀಸಾಳೂ ಮನೆಯಲ್ಲಿ ಪತ್ತಿರ್ ಮಾಡಿ ಹೋಟೆಲುಗಳಿಗೆ, ಮದುವೆಗಳಿಗೆ ಕೊಡುತ್ತಿದ್ದರು. ಪತ್ತಿರ್ ಎಂದರೆ ತೆಳು ಅಕ್ಕಿ ರೊಟ್ಟಿ. ಕುದಿಯುವ ನೀರಿಗೆ ಹಿಟ್ಟು ಹಾಕಿ, ಆ ಬಿಸಿಯಲ್ಲೇ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಆರಿದರೆ ರೊಟ್ಟಿ ಒಡೆಯುತ್ತದೆ. ನಾದುವುದು ಸಫಿಯಾ, ಒತ್ತಿ ಕಾವಲಿಗೆ ಹಾಕುವುದು ನೆಬೀಸಾ. ಸಫಿಯಾ ನೀರಿನ ನಳ್ಳಿಯ ಹತ್ತಿರ ಪಾಚಿಗೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಡಾಕ್ಟ್ರು ಪ್ಲಾಸ್ಟರ್ ಹಾಕಿದರು.

ಪ್ಲಾಸ್ಟರ್ ತೆಗೆದ ದಿನ ರಶ್ಮಿ ಮೇಡಂ ರಜೆಯಲ್ಲಿದ್ದರು. ಒಳಗಿನಿಂದ ಬಂದ ಕೈ ಬಿಳಿಚಿಕೊಂಡಿತ್ತು, ಸತ್ತ ಚರ್ಮ ಸಿಪ್ಪೆ ಸಿಪ್ಪೆಯಾಗಿ ವಾಸನೆ ಬರುತ್ತಿತ್ತು. ಅವಳು ಅದನ್ನು ಶಾಲಿನೊಳಗೆ ಅಡಗಿಸಲು ನೋಡಿದಳು. ನಾನು ಮಡಿಲಿಗೆ ಟವೆಲ್ ಹಾಕಿ, ಆ ಕೈಯನ್ನು ಅದರ ಮೇಲಿಟ್ಟು ಉಗುರುಬಿಸಿ ನೀರಿನಲ್ಲಿ ಒರೆಸಿ ಎಣ್ಣೆ ಹಚ್ಚಿಕೊಟ್ಟೆ. ಡಾಕ್ಟ್ರು ಹೇಳಿದ್ದು, "ನಾಳೆಯಿಂದ ವ್ಯಾಯಾಮಕ್ಕೆ ಬನ್ನಿ." ಅವಳು ಹೊರಗೆ ಬಂದು ನನ್ನನ್ನು ಕೇಳಿದಳು, "ಲೀಲಕ್ಕ, ಮೇಡಂ ಇಲ್ಲ ಅಲ್ವಾ? ಬೆರಳು ಆಡಿಸಿದ್ರೆ ಬೇನೆ ಆಗ್ತದೆ. ಆಡಿಸ್ಬೇಕಾ?"

ನಾನು ಹೇಳಿದೆ, "ಪಾಪ, ಮೇಡಂ ಬರುವ ತನಕ ಆಡಿಸ್ಬೇಡ ಮಾರಾಯ್ತಿ. ಈಗಷ್ಟೇ ಕೂಡಿದ ಮೂಳೆ, ಪುನಃ ಎಂತಾದ್ರೂ ಆದ್ರೆ? ರೆಸ್ಟ್ ಕೊಡು." ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೋಣೆಯಲ್ಲಿದ್ದ ಹಳೆಯ ಹತ್ತಿ ಸೀರೆಯ ತುಂಡು ತೆಗೆದು ಅವಳ ಕೈಯನ್ನು ಕುತ್ತಿಗೆಗೆ ಕಟ್ಟಿಕೊಟ್ಟೆ. ಗಂಟು ಚುಚ್ಚಬಾರದೆಂದು ಪಕ್ಕಕ್ಕೆ ಸರಿಸಿದೆ. ನಮ್ಮ ಮನೆಗಳಲ್ಲಿ ಯಾರಿಗೆ ಬೇನೆಯಾದರೂ ನಾವು ಹೆಂಗಸರು ಮೊದಲು ಮಾಡುವುದು ಇದನ್ನೇ. ಕೂರಿಸುತ್ತೇವೆ, ಮಲಗಿಸುತ್ತೇವೆ, ಕೈಗೆ ಲೋಟ ತಂದು ಕೊಡುತ್ತೇವೆ. ನನಗೆ ಪ್ರೀತಿ ತೋರಿಸುವ ದಾರಿ ಅದೊಂದೇ ಗೊತ್ತಿತ್ತು.

ಮೇಡಂ ವಾರದಲ್ಲಿ ಬಂದರು, ಸಫಿಯಾ ಬರಲಿಲ್ಲ. ಮನೆಯಲ್ಲಿ ಮದುವೆ ಎಂದು ಯಾರೋ ಹೇಳಿದರು. ನಾನೂ ಮರೆತೆ. ಅವಳು ಬಂದದ್ದು ಐದು ವಾರ ಕಳೆದು, ನೆಬೀಸಾಳ ಜೊತೆ. ಅದೇ ಸೀರೆಯ ತುಂಡು ಕುತ್ತಿಗೆಯಲ್ಲಿತ್ತು, ಒಗೆದು ಒಗೆದು ಬಣ್ಣ ಹೋಗಿತ್ತು.

ಕೈ ಊದಿ ಹೊಳೆಯುತ್ತಿತ್ತು. ನಾವು ನೋಡುತ್ತಿದ್ದ ಹಾಗೆಯೇ ಕೆಂಪಿದ್ದದ್ದು ನೀಲಿ ಛಾಯೆಗೆ ತಿರುಗಿತು. ಎಡಗೈ ಒಣಗಿದ್ದರೆ ಬಲಗೈ ಬೆವರುತ್ತಿತ್ತು. ಬೆರಳುಗಳು ಅರ್ಧ ಮಡಚಿ ನಿಂತಿದ್ದವು. ಅವಳದೇ ಶಾಲಿನ ತುದಿ ಜಾರಿ ಕೈಗೆ ತಾಗಿದ್ದಕ್ಕೆ ಅವಳು ಕಿರಿಚಿದಳು. ಬಸ್ಸಿನಲ್ಲಿ ಯಾರೂ ಮುಟ್ಟಬಾರದೆಂದು ಪುತ್ತೂರು ತನಕ ಕೈ ಎತ್ತಿ ಹಿಡಿದು ಬಂದಿದ್ದಳಂತೆ. ಇಳಿಯಲು ಕೈ ಎತ್ತಿದ್ದಾಳೆಂದು ತಿಳಿದು ಕಂಡಕ್ಟರ್ ಎರಡು ಸಲ ಸೀಟಿ ಊದಿ ಬಸ್ ನಿಲ್ಲಿಸಿದನಂತೆ.

ನೆಬೀಸಾ ಹೇಳಿದಳು, "ಎಕ್ಸ್‌ರೇ ಸರಿ ಉಂಟಂತೆ ಮೇಡಂ, ಮೂಳೆ ಕೂಡಿದೆಯಂತೆ. ಇವಳಿಗೆ ಪತ್ತಿರ್ ತಿನ್ಲಿಕ್ಕೆ ಬೇನೆ ಇಲ್ಲ, ಮಾಡ್ಲಿಕ್ಕೆ ಮಾತ್ರ ಬೇನೆ."

ಮೇಡಂ ನಗಲಿಲ್ಲ. "ಇದು ಸುಳ್ಳು ಬೇನೆ ಅಲ್ಲ" ಎಂದರು. ಅದಕ್ಕೆ ಉದ್ದ ಹೆಸರು ಉಂಟು, ಡಾಕ್ಟರುಗಳು ಸಿ.ಆರ್.ಪಿ.ಎಸ್. ಎನ್ನುತ್ತಾರೆ. ಪೆಟ್ಟು ವಾಸಿಯಾದ ಮೇಲೂ ಕೆಲವರಲ್ಲಿ ನರಗಳು ಸುಮ್ಮನಾಗುವುದಿಲ್ಲ. ಮೇಡಂ ಹೇಳಿದ್ದು, "ಕಳ್ಳ ಬಂದು ಹೋಗಿ ಆಯ್ತು, ನಾಯಿ ಇನ್ನೂ ಬೊಗಳ್ತಾ ಉಂಟು. ಈಗ ಬಾಗಿಲಲ್ಲಿ ಹಾಲಿನವ ಬಂದ್ರೂ ಬೊಗಳ್ತದೆ." ಆಮೇಲೆ ಕೇಳಿದರು, "ಇಷ್ಟು ದಿವಸ ಕೈ ಆಡಿಸ್ಲೇ ಇಲ್ವಾ? ಆಡಿಸ್ಬೇಡಿ ಅಂತ ಯಾರು ಹೇಳಿದ್ದು?"

ಸಫಿಯಾ ನನ್ನನ್ನು ನೋಡಿದಳು. ನಾನು ಟವೆಲ್ ಮಡಚುತ್ತಿದ್ದೆ.

"ಯಾರೂ ಹೇಳ್ಲಿಲ್ಲ ಮೇಡಂ. ನಾನೇ ಹೆದ್ರಿ ಆಡಿಸ್ಲಿಲ್ಲ" ಎಂದಳು.

"ನೋಡಿ! ನಾನು ಎಂತ ಹೇಳಿದೆ?" ಎಂದಳು ನೆಬೀಸಾ.

ನಾನು ಟವೆಲ್ ಮಡಚುತ್ತಲೇ ಇದ್ದೆ. ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ತೋಮಸ್ ಚೇಟರ ಪಾದದ ನಂತರ ಇನ್ನೊಂದು ತಪ್ಪು ಗೊತ್ತಾದರೆ ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು.

ಚಿಕಿತ್ಸೆ ಶುರುವಾಯಿತು. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಹುಡುಗಿಯರಿಗೆ ಉಪಯೋಗಕ್ಕೆ ಬರಲಿ. ನರಗಳ ಉರಿ ತಗ್ಗಿಸುವ ಮಾತ್ರೆ ಡಾಕ್ಟ್ರು ಕೊಟ್ಟರು. ಮೊದಮೊದಲು ಅದರಿಂದ ತೂಕಡಿಕೆ. ಯಾರೋ ಅವಳಿಗೆ ನಾಟಿ ವೈದ್ಯರಲ್ಲಿ ಬೆರಳು ಎಳೆಸಿ ನೆಟ್ಟಗೆ ಮಾಡಿಸಲು ಹೇಳಿದ್ದರು. ಮೇಡಂ ಖಂಡಿತ ಬೇಡ ಎಂದರು. ಈ ಕೈಯನ್ನು ಎಳೆಯಬಾರದು, ಹಾಗೆಂದು ಬಿಡಲೂ ಬಾರದು. ಅವಳೇ ಆಡಿಸಬೇಕು, ಬೇನೆ ಏರುವ ಮೊದಲು ನಿಲ್ಲಿಸಬೇಕು, ಮತ್ತೆ ಆಡಿಸಬೇಕು. ಬೇಗ ಹಿಡಿದರೆ ಕೈ ತಿರುಗಿ ಬರುತ್ತದೆ. ತಡವಾದರೆ ಬೆರಳು ಹಾಗೆಯೇ ಸೆಟೆದು ನಿಲ್ಲಬಹುದು.

ಮುಟ್ಟುವುದನ್ನು ಅಭ್ಯಾಸ ಮಾಡಿಸಲು ಮೆತ್ತಗಿನದರಿಂದ ಒರಟಿನವರೆಗೆ ಬೇರೆ ಬೇರೆ ವಸ್ತು ಬೇಕೆಂದು ಮೇಡಂ ಹೇಳಿದಾಗ ನನ್ನ ಅಡುಗೆಮನೆ ನೆನಪಾಯಿತು. ಹಳೆಯ ಬಿಸ್ಕತ್ತಿನ ಡಬ್ಬಿಗಳಲ್ಲಿ ಹತ್ತಿ, ಅಕ್ಕಿ ಹಿಟ್ಟು, ರವೆ, ಬೆಳ್ತಿಗೆ ಅಕ್ಕಿ, ಹುರುಳಿ, ಕೊನೆಗೆ ತೆಂಗಿನ ನಾರು ತುಂಬಿಸಿ ತಂದೆ. ಒಂದೊಂದರಲ್ಲಿ ಸ್ವಲ್ಪ ಹೊತ್ತು ಕೈ ಇಡಬೇಕು. ಸಹಿಸಿದರೆ ಮುಂದಿನ ಡಬ್ಬಿ. ಮೇಡಂ ಖುಷಿಪಟ್ಟರು. ನಾನು ಖುಷಿಪಡಲಾರದೆ ಹೋದೆ. ಸಫಿಯಾ ಹತ್ತಿಯಲ್ಲಿ ಕೈ ಇಟ್ಟು ಹಲ್ಲು ಕಚ್ಚಿ ಅಳುತ್ತಿದ್ದಳು. ಎಂಟು ದಿನವಾದರೂ ಹಿಟ್ಟಿನ ಡಬ್ಬಿಗೆ ಬರಲಿಲ್ಲ.

ಆಮೇಲೆ ಒಂದು ದಿನ ಅವಳು ಒಬ್ಬಳೇ ಬಂದಳು. ಮಂಚ ಹತ್ತಲಿಲ್ಲ.

"ಮೇಡಮ್ಮಿಗೆ ಹೇಳಿ ಹೋಗುವ ಅಂತ ಬಂದೆ. ಇನ್ನು ಬರುದಿಲ್ಲ."

"ಯಾಕೆ? ಎಂತ ಆಯ್ತು?"

"ಮನೆಯಲ್ಲಿ ಎಲ್ಲರೂ ನೆಬೀಸಾ ಹೇಳಿದ್ದೇ ಹೇಳ್ತಾರೆ. ಡಾಕ್ಟ್ರು ವ್ಯಾಯಾಮಕ್ಕೆ ಬಾ ಅಂದಾಗ ಹೋಗ್ಲಿಲ್ಲ, ಕೈ ಕಟ್ಟಿಕೊಂಡು ಕೂತಳು. ಮಾಡಿದ್ದು ಅವಳು, ಅನುಭವಿಸುದು ಅವಳೇ ಅಂತ. ದಿನಾ ಬಸ್ಸಿಗೆ ಜೊತೆ ಬರ್ಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ. ಒಬ್ಬಳೇ ಬಂದ್ರೆ ಈ ಕೈ ಕಾಪಾಡ್ಲಿಕ್ಕೆ ನನ್ನಿಂದ ಆಗುದಿಲ್ಲ ಲೀಲಕ್ಕ."

ಮೇಡಂ ಒಳಗೆ ಬೇರೊಬ್ಬರನ್ನು ನೋಡುತ್ತಿದ್ದರು. ಸಫಿಯಾಳನ್ನು ಬೆಂಚಿನ ಮೇಲೆ ಕೂರಿಸಿದೆ. ಒಳಗಿದ್ದವರು ಹೊರಗೆ ಬಂದ ಕೂಡಲೇ ನಾನು ಹೋಗಿ ನಿಂತು ಹೇಳಿಬಿಟ್ಟೆ. ಆಡಿಸಬೇಡ ಎಂದದ್ದು ನಾನು, ಕುತ್ತಿಗೆಗೆ ಕಟ್ಟಿಕೊಟ್ಟದ್ದು ನಾನು, ನೀವು ಕೇಳಿದಾಗ ಅವಳು ಮುಚ್ಚಿಟ್ಟದ್ದು, ನಾನು ಬಾಯಿ ಮುಚ್ಚಿ ನಿಂತದ್ದು.

ಮೇಡಂ ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು. ನನ್ನನ್ನು ಒಂದು ದಿನವೂ ಏಕವಚನದಲ್ಲಿ ಕರೆದವರಲ್ಲ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ ಹೇಳಿದರು, "ನಿಮ್ಮಿಂದಲೇ ಹೀಗಾಯ್ತು ಅಂತ ನಾನು ಹೇಳುದಿಲ್ಲ. ಸರಿಯಾಗಿ ಆಡಿಸಿದವರಿಗೂ ಇದು ಬರ್ತದೆ. ಆದ್ರೆ ಐದು ವಾರ ಹೋಯ್ತಲ್ಲ ಲೀಲಕ್ಕ, ಅದನ್ನು ನಾನು ಎಲ್ಲಿಂದ ತರ್ಲಿ?"

ಮೇಡಂ ಗೋಡೆಯ ಮೊಳೆಯ ಕಡೆ ಕೈ ತೋರಿಸಿದರು.

"ಆ ಕೋಟು ತೆಗೆದು ಮೊಳೆಗೆ ಹಾಕಿ. ನಾನು ಹೇಳುವ ತನಕ ಹಾಕ್ಬೇಡಿ. ಜನ ನಿಮ್ಮ ಮಾತು ಕೇಳುದು ಅದನ್ನು ನೋಡಿ. ಈಗ ಇವಳ ಮನೆಗೆ ಹೋಗಿ ಹೇಳಿ ಬನ್ನಿ."

ಸಫಿಯಾಳ ಜೊತೆಗೇ ಬಸ್ ಹತ್ತಿದೆ. ಅವಳನ್ನು ಕಿಟಕಿಯ ಬದಿಗೆ ಕೂರಿಸಿ, ನಾನು ಈ ಬದಿಗೆ ಕುಳಿತು, ಯಾರೂ ತಾಗದ ಹಾಗೆ ನನ್ನ ಚೀಲವನ್ನು ಅಡ್ಡ ಹಿಡಿದೆ. ಕನಕಮಜಲು ದಾಟುವಾಗ ಕೇಳಿದೆ, "ಅವತ್ತು ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

ಅವಳು ಹೊರಗೆ ನೋಡುತ್ತಾ ಹೇಳಿದಳು, "ಪ್ಲಾಸ್ಟರ್ ತೆಗ್ದಾಗ ಆ ಕೈ ನೋಡಿ ನನಗೇ ಹೇಸಿಗೆ ಆಯ್ತು. ನೀವು ಮಡಿಲಲ್ಲಿ ಇಟ್ಟು ಒರೆಸಿದ್ರಿ. ನಿಮ್ಮ ಕೆಲಸ ಹೋಗುದು ಬೇಡ ಅಂತ ಕಂಡಿತು."

ಜಾಲ್ಸೂರಿನಲ್ಲಿ ನೆಬೀಸಾ ಒಬ್ಬಳೇ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಬಿಸಿಗೆ ಅಂಗೈ ಕೆಂಪಾಗಿತ್ತು, ಮುಖದಲ್ಲಿ ಬೆವರು ಇಳಿಯುತ್ತಿತ್ತು. ಅವಳ ಸಿಟ್ಟು ನನಗೆ ಆಗ ಅರ್ಥವಾಯಿತು. ಇಬ್ಬರ ಕೆಲಸವನ್ನು ಅವಳೊಬ್ಬಳೇ ಮಾಡಿಕೊಂಡು ಬಂದಿದ್ದಳು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಅವಳು ನಾದುವುದು ನಿಲ್ಲಿಸಿದಳು.

"ಹಾಗಾದ್ರೆ ತಪ್ಪು ನಿಮ್ಮದು."

"ಹೌದು."

"ಮತ್ತೆ ನಾನು ಇಷ್ಟು ದಿವಸ ಇವಳಿಗೆ ಹೇಳಿದ್ದೆಲ್ಲ?" ಸಫಿಯಾಳ ಕಡೆ ತಿರುಗಿದಳು. "ನಿನಗೆ ಬಾಯಿ ಇರ್ಲಿಲ್ವಾ? ಹೇಳ್ಲಿಕ್ಕೆ ಎಂತ ಆಗಿತ್ತು?"

"ಹೇಳಿದ್ರೆ ನೀನು ಪುತ್ತೂರಿಗೆ ಹೋಗಿ ಇವರ ಕೂದಲು ಹಿಡೀತಿದ್ದಿ" ಎಂದಳು ಸಫಿಯಾ.

"ಈಗಲೂ ಹಿಡಿಯುವ ಅಂತ ಉಂಟು. ಕೈಯಲ್ಲಿ ಹಿಟ್ಟು, ಅದಕ್ಕೆ ಬಿಟ್ಟದ್ದು" ಎಂದಳು ನೆಬೀಸಾ. ಆಮೇಲೆ ನನಗೆ ಚಹಾ ಕೊಟ್ಟಳು. ಮರುದಿನದಿಂದ ಬಸ್ಸಿನಲ್ಲಿ ನಾನು ಕುಳಿತ ಜಾಗದಲ್ಲಿ ಅವಳು ಕುಳಿತು ಬಂದಳು. ಆ ನಾಲಗೆಯಿಂದ ಸಫಿಯಾಳಿಗೆ ಮತ್ತೆ ಚುಚ್ಚು ಮಾತು ಬರಲಿಲ್ಲ. ನನಗೆ ಬೇಕಾದಷ್ಟು ಬಂತು.

ಕೈ ಕೂಡಲೇ ಸರಿ ಆಗಲಿಲ್ಲ. ಮೇಡಂ ಮೊದಲು ಕೈಗಳ ಚಿತ್ರ ತೋರಿಸಿ, ಎಡದ್ದಾ ಬಲದ್ದಾ ಎಂದು ಕೇಳುತ್ತಿದ್ದರು. ತನ್ನದೇ ಬಲಗೈಯ ಲೆಕ್ಕ ಅವಳ ತಲೆಗೆ ತಪ್ಪಿ ಹೋಗಿತ್ತು. ಆಮೇಲೆ ಕನ್ನಡಿ. ನಮ್ಮ ಮನೆಯ ಬೇಸಿನ್ನಿನ ಮೇಲಿದ್ದ ಕನ್ನಡಿಯನ್ನು ಬಿಚ್ಚಿ ತಂದೆ, ಮನೆಯವರು ಒಂದು ವಾರ ಕಿಟಕಿಯ ಗಾಜು ನೋಡಿ ಗಡ್ಡ ಹೆರೆದರು. ಅದನ್ನು ಮೇಜಿನ ಮೇಲೆ ಅಡ್ಡ ನಿಲ್ಲಿಸಿ, ಬೇನೆಯ ಕೈಯನ್ನು ಹಿಂದೆ ಮರೆಮಾಡಿ, ಎಡಗೈ ಆಡಿಸುತ್ತಾ ಕನ್ನಡಿ ನೋಡಬೇಕು. ನೋಡುವವರಿಗೆ ಬಲಗೈಯೇ ಆಡಿದ ಹಾಗೆ ಕಾಣುತ್ತದೆ. ಸಫಿಯಾ ಮೊದಲ ದಿನ, "ಅಲ್ಲಾಹ್, ಇದು ಕಣ್ಕಟ್ಟು!" ಎಂದು ನಕ್ಕಳು. ನಗುತ್ತಲೇ ಅಳಲು ಶುರುಮಾಡಿದಳು. ಆ ಕೈ ಬೇನೆಯಿಲ್ಲದೆ ತೆರೆದು ಮುಚ್ಚಿದ್ದನ್ನು ಅವಳು ನೋಡಿ ತಿಂಗಳುಗಳಾಗಿದ್ದವು.

ನಡುವೆ ಒಂದು ಸಲ ಉರಿ ವಿಪರೀತವಾಗಿ ಡಾಕ್ಟ್ರು ಅವಳನ್ನು ಮಂಗಳೂರಿಗೆ ಕಳಿಸಿದರು. ಅಲ್ಲಿ ಕುತ್ತಿಗೆಯ ಹತ್ತಿರ ನರಗಳಿಗೆ ಇಂಜೆಕ್ಷನ್ ಕೊಟ್ಟರು. ಅದರಿಂದ ಬೇನೆ ಪೂರ್ತಿ ಹೋಗಲಿಲ್ಲ, ಕೆಲವು ದಿನ ತಗ್ಗಿತು. "ಬಾಗಿಲು ಸ್ವಲ್ಪ ತೆರೆದಿದೆ, ಮುಚ್ಚುವ ಮೊದಲು ಒಳಗೆ ಹೋಗ್ಬೇಕು" ಎಂದು ಮೇಡಂ ಆ ದಿನಗಳಲ್ಲಿ ದಿನಕ್ಕೆರಡು ಸಲ ವ್ಯಾಯಾಮ ಮಾಡಿಸಿದರು. ಇಂಜೆಕ್ಷನ್, ಮಾತ್ರೆ, ಕನ್ನಡಿ, ಡಬ್ಬಿ, ಯಾವುದು ಎಷ್ಟು ಗುಣ ಮಾಡಿತೆಂದು ನನಗೆ ಗೊತ್ತಿಲ್ಲ. ಒಂದೊಂದು ಜನಕ್ಕೆ ಒಂದೊಂದು ಹಿಡಿಯುತ್ತದೆ ಎಂದು ಮೇಡಂ ಹೇಳುತ್ತಿದ್ದರು. ಅವಳು ಹಿಟ್ಟಿನ ಡಬ್ಬಿಗೆ ಬಂದಳು, ರವೆಗೆ ಬಂದಳು. ಹುರುಳಿಯಲ್ಲಿ ಬೆರಳು ಮುಳುಗಿಸಿದ ದಿನ ನಾನು ಮನೆಗೆ ಹೋಗಿ ದೇವರಿಗೆ ಎರಡು ದೀಪ ಹೆಚ್ಚು ಹಚ್ಚಿದೆ.

ಕೋಟಿನ ವಿಷಯ ಮೇಡಂ ಮಾತಾಡಲೇ ಇಲ್ಲ. ಒಂದು ದಿನ ನಾನು ಬರುವಾಗ ಅದು ಇಸ್ತ್ರಿ ಮಾಡಿ ಕುರ್ಚಿಯ ಮೇಲಿತ್ತು. ಹಾಕಿಕೊಂಡೆ. ಆಮೇಲೆ ಯಾರು ಏನು ಕೇಳಿದರೂ, "ನನಗೆ ಗೊತ್ತಿಲ್ಲ, ಕೇಳಿ ಹೇಳ್ತೇನೆ" ಎನ್ನಲು ಕಲಿತೆ. ಹುಡುಗಿಯರೇ, ಈ ಮಾತು ಬಾಯಿಗೆ ಬರಲು ನನಗೆ ಹನ್ನೊಂದು ವರ್ಷ ಬೇಕಾಯಿತು. ನೀವು ಮೊದಲ ದಿನವೇ ಕಲಿಯಿರಿ.

ಚಿಕಿತ್ಸೆಯ ಕೊನೆಯ ತಿಂಗಳುಗಳಲ್ಲಿ ನೆಬೀಸಾ ಮನೆಯಿಂದ ಪತ್ತಿರಿನ ಹಿಟ್ಟನ್ನೇ ಡಬ್ಬಿಯಲ್ಲಿ ತರುತ್ತಿದ್ದಳು, ಆರಿ ಬೆಚ್ಚಗಾದದ್ದು. ಸಫಿಯಾ ಅದನ್ನು ನಮ್ಮ ಮೇಜಿನ ಮೇಲೆ ನಾದಬೇಕು. ಮೊದಲು ಬೆರಳ ಗುರುತು ಮಾತ್ರ ಬೀಳುತ್ತಿತ್ತು. ಆಮೇಲೆ ಅಂಗೈಯ ಗುರುತು ಬಿತ್ತು. ಕಿರುಬೆರಳು ಕಡೆಗೂ ಪೂರ್ತಿ ಮಡಚಲಿಲ್ಲ. ಮಳೆಗಾಲದ ತಂಪಿಗೆ ಕೈ ಈಗಲೂ ಉರಿಯುತ್ತದೆ. ಆ ಐದು ವಾರದ ಪಾಲು ಅದರಲ್ಲಿ ಎಷ್ಟೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ, ಮೇಡಂ ಹೇಳಲೂ ಇಲ್ಲ. ದಿನಾ ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕುಳಿತು ಅಂಗೈ ನೋಡಿ ಕೈಮುಗಿಯುವುದು ನನ್ನ ಕ್ರಮ. ಹತ್ತು ಬೆರಳೂ ಮಡಚುತ್ತವೆ. ಅದು ಸಣ್ಣ ಉಪಕಾರವೆಂದು ಮೊದಲು ಅಂದುಕೊಂಡಿದ್ದೆ.

ನಾನು ಕೆಲಸ ಬಿಡುವ ದಿನ ಇಬ್ಬರೂ ಬಂದಿದ್ದರು. ಬಾಳೆಲೆಯಲ್ಲಿ ಕಟ್ಟಿದ ಪತ್ತಿರ್ ತಂದಿದ್ದರು. ಕೆಲವು ಒಂದು ಬದಿಗೆ ದಪ್ಪ ಇದ್ದವು.

"ದಪ್ಪ ಇದ್ದದ್ದು ಇವಳೇ ನಾದಿ ಒತ್ತಿದ್ದು. ನಿಮಗೆ ಅದೇ ಸಾಕು ಅಂತ ಹಾಕಿದ್ದೇನೆ" ಎಂದಳು ನೆಬೀಸಾ.

ಸಫಿಯಾ ಬಲಗೈ ಮುಂದೆ ಚಾಚಿದಳು. ಅಷ್ಟು ವರ್ಷದಲ್ಲಿ ಆ ಕೈಯನ್ನು ಅವಳಾಗಿ ಯಾರ ಕಡೆಗೂ ಚಾಚಿದ್ದನ್ನು ನಾನು ಕಂಡಿರಲಿಲ್ಲ. ನಾನು ಹತ್ತಿಯನ್ನು ಮುಟ್ಟುವ ಹಾಗೆ ಮೆತ್ತಗೆ ಮುಟ್ಟಿದೆ. ಅವಳು ನನ್ನ ಕೈಯನ್ನು ಹಿಡಿದು ಒತ್ತಿದಳು, ಹಿಟ್ಟು ನಾದುವವರ ಹಾಗೆ, ಅಂಗೈಯ ಬುಡದಿಂದ. ನನ್ನ ಬಳೆ ಮಣಿಕಟ್ಟಿಗೆ ಒತ್ತಿತು.

"ಬೇನೆ ಆಯ್ತಾ ಲೀಲಕ್ಕ?" ಎಂದು ಕೇಳಿದಳು.

"ಆಯ್ತು ಮಾರಾಯ್ತಿ" ಎಂದೆ.

ಅವಳು ಬಿಡಲಿಲ್ಲ.